ಸೂರ್ಯನಗರದ ಒಳಾಂಗಣ ಕ್ರೀಡಾಂಗಣ: ನೆಲಕ್ಕೆ ಕಾಂಕ್ರೀಟ್ ಬೀಳುವ ಮೊದಲು ಒಂದು ಬಹಿರಂಗ ಪತ್ರ

ಗೆ,
ಮಾನ್ಯ ವಸತಿ ಸಚಿವರು,
ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರು,
ಕರ್ನಾಟಕ ಗೃಹ ಮಂಡಳಿಯ ಆಯುಕ್ತರು,
ಬೆಂಗಳೂರು.

ವಿಷಯ: ಒಳಾಂಗಣ ಕ್ರೀಡಾಂಗಣವನ್ನು ಮುಂದೆ ವಸ್ತುಪ್ರದರ್ಶನ ಮೇಳಗಳಿಗೂ ಬಳಸಲು ಆಗುವಂತೆ ಮೊದಲ ನಕ್ಷೆಯಲ್ಲೇ ರೂಪಿಸುವ ಬಗ್ಗೆ ಮನವಿ.

ಮಾನ್ಯರೇ,

ಬೊಮ್ಮಸಂದ್ರದ ಬಳಿ ಸೂರ್ಯನಗರದಲ್ಲಿ 100 ಎಕರೆಯ ಕ್ರೀಡಾ ಸಂಕೀರ್ಣ ಕಟ್ಟುವ ಯೋಜನೆ 2025ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. 80,000 ಜನ ಕೂರುವ ಕ್ರಿಕೆಟ್ ಮೈದಾನ, ಸುಮಾರು 1,650 ಕೋಟಿ ರೂಪಾಯಿ ವೆಚ್ಚ. ಎಲ್ಲರೂ ಕ್ರಿಕೆಟ್ ಮೈದಾನದ ಬಗ್ಗೆಯೇ ಮಾತಾಡಿದರು. ಅದೇ ಯೋಜನೆಯಲ್ಲಿ ಎಂಟು ಒಳಾಂಗಣ ಆಟಗಳಿಗೆ ಜಾಗ ಇರುತ್ತದೆ ಎಂಬ ಸಾಲೂ ಇತ್ತು. ನಾನು ಬರೆಯುತ್ತಿರುವುದು ಆ ಒಂದು ಸಾಲಿನ ಬಗ್ಗೆ.

ನನ್ನ ಕೋರಿಕೆ ಇಷ್ಟು. ಆ ಒಳಾಂಗಣ ಕ್ರೀಡಾಂಗಣಕ್ಕೆ ಮುಂದೆ ಪ್ರದರ್ಶನ ಹಾಲ್ ಆಗಿಯೂ ದುಡಿಯುವ ಶಕ್ತಿ ಇರಲಿ. ಆ ಶಕ್ತಿಯನ್ನು ಈಗಲೇ, ನೆಲ, ಬಾಗಿಲು ಮತ್ತು ಚಾವಣಿಯ ಲೆಕ್ಕ ಹಾಕುವಾಗಲೇ ಕೊಡಿ. ಕಟ್ಟಿ ಮುಗಿದ ಮೇಲೆ ಕೊಡಲು ಹೊರಟರೆ ದುಡ್ಡೂ ಹೋಗುತ್ತದೆ, ಆಟವೂ ಹಾಳಾಗುತ್ತದೆ.

ನಾನು ಪ್ರದರ್ಶನಗಳಿಗೆ ಸ್ಟಾಲ್ ಕಟ್ಟಿಸುವ ಕೆಲಸದವನು. ಯಂತ್ರೋಪಕರಣ ಮೇಳ, ಪುಸ್ತಕ ಮೇಳ, ಪೀಠೋಪಕರಣ ಮೇಳ, ಕೃಷಿ ಮೇಳ ಎಲ್ಲಕ್ಕೂ ಕೆಲಸ ಮಾಡಿದ್ದೇನೆ. ಒಂದು ಹಾಲ್ ಒಳಗೆ ಕಾಲಿಟ್ಟರೆ ನಾವು ಮೊದಲು ನೋಡುವುದು ಲಾರಿ ಎಲ್ಲಿ ನಿಲ್ಲುತ್ತದೆ, ನೆಲ ಎಷ್ಟು ತೂಕ ತಾಳುತ್ತದೆ, ಕರೆಂಟ್ ಎಲ್ಲಿಂದ ಎಳೆಯಬೇಕು, ಮೇಲೆ ಏನಾದರೂ ನೇತು ಹಾಕಬಹುದಾ ಎಂದು. ಕ್ರೀಡಾಂಗಣದ ನಕ್ಷೆ ಮಾಡುವವರ ಮುಂದೆ ಈ ಪ್ರಶ್ನೆಗಳನ್ನು ಯಾರೂ ಇಡುವುದಿಲ್ಲ. ಅದಕ್ಕೇ ಈ ಪತ್ರ.

ನಮ್ಮ ರಾಜ್ಯದ ಒಂದು ಜಿಲ್ಲಾ ಕೇಂದ್ರದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ, ಯಾಕೆಂದರೆ ಇದು ಒಂದೇ ಊರಿನ ಕಥೆ ಅಲ್ಲ. ಅಲ್ಲಿನ ಒಳಾಂಗಣ ಕ್ರೀಡಾಂಗಣವನ್ನು ಗೃಹೋಪಯೋಗಿ ವಸ್ತುಗಳ ಮೇಳಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಆಟದ ಅಂಕಣ ಮರದ ಹಾಸಿನದು. ಹಲಗೆಯ ಕೆಳಗೆ ಮರದ ಪಟ್ಟಿ, ಅದರ ಕೆಳಗೆ ರಬ್ಬರ್ ಬಿಲ್ಲೆ. ಆಡುವವರ ಮೊಣಕಾಲಿಗೆ ಪೆಟ್ಟಾಗದಿರಲಿ ಎಂದು ಸ್ವಲ್ಪ ಬಾಗುವಂತೆಯೇ ಮಾಡಿದ ನೆಲ ಅದು. ಅದರ ಮೇಲೆ ಪ್ಲೈವುಡ್ ಹಾಸಿ, ಕಾರ್ಪೆಟ್ ಹಾಕಿ, ಫ್ರಿಜ್ಜು, ಬೀರು, ಸೋಫಾಗಳನ್ನು ತುಂಬಿದರು. ಲಾರಿ ಒಳಗೆ ಬರುವ ಹಾಗಿರಲಿಲ್ಲ. ಬಾಗಿಲು ಜನ ನಡೆದು ಬರುವಷ್ಟೇ ಅಗಲ, ಅದರ ಮುಂದೆ ಮೆಟ್ಟಿಲು. ಹಮಾಲರು ಪ್ರತಿಯೊಂದನ್ನೂ ಹೆಗಲ ಮೇಲೆ ಹೊತ್ತು ತಂದರು. ಕೇಬಲ್‌ಗಳು ಕಾರ್ಪೆಟ್ ಅಡಿಯಲ್ಲಿ, ತುರ್ತು ಬಾಗಿಲ ಎದುರಲ್ಲಿ, ಎಲ್ಲೆಂದರಲ್ಲಿ ಹರಿದಿದ್ದವು. ಈ ನೆಲ ಇದಕ್ಕಲ್ಲ ಎಂದು ನಾವು ಹೇಳಿದಾಗ "ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬ ಉತ್ತರ ಬಂತು.

ಸಂಜೆ ಹೊತ್ತಿಗೆ ಶಟಲ್ ಅಭ್ಯಾಸಕ್ಕೆ ಬಂದ ಮಕ್ಕಳು ರ‍್ಯಾಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಅವರಿಗೆ ಯಾರೂ ಮೊದಲೇ ತಿಳಿಸಿರಲಿಲ್ಲ. ಮೇಳ ಮುಗಿದು ನಾವು ಸಾಮಾನು ಬಿಚ್ಚಿದಾಗ ಹಲಗೆಗಳು ಹಲವು ಕಡೆ ಕುಸಿದಿದ್ದವು, ಮೇಲ್ಪದರ ಕಿತ್ತಿತ್ತು. ಆಮೇಲೆ ರಿಪೇರಿಗೆಂದು ಹಾಲ್ ಮುಚ್ಚಿತು. ಬಾಡಿಗೆ ಬಂದದ್ದು ಒಂದು ಕಡೆ, ಅಭ್ಯಾಸ ನಿಂತದ್ದು ಮಕ್ಕಳದು.

ಇದಕ್ಕೆ ಇಬ್ಬರು ಉತ್ತರ ಹೇಳುತ್ತಾರೆ. ಕ್ರೀಡಾಪಟುಗಳು ಹೇಳುವುದು, ಕ್ರೀಡಾಂಗಣವನ್ನು ಆಟಕ್ಕಲ್ಲದೆ ಬೇರೆ ಯಾವುದಕ್ಕೂ ಕೊಡಬೇಡಿ ಎಂದು. ಅಧಿಕಾರಿಗಳು ಹೇಳುವುದು, ವರ್ಷದಲ್ಲಿ ಬಹುಪಾಲು ದಿನ ಖಾಲಿ ಬಿದ್ದಿರುವ ಕಟ್ಟಡದ ಕರೆಂಟ್ ಬಿಲ್ಲು, ರಿಪೇರಿ, ಕಾವಲುಗಾರರ ಸಂಬಳ ಯಾರು ಕೊಡುತ್ತಾರೆ ಎಂದು. ಇಬ್ಬರ ಮಾತಲ್ಲೂ ನಿಜ ಇದೆ. ತಪ್ಪು ಆಗುವುದು ಬಾಡಿಗೆಗೆ ಕೊಡುವ ದಿನ ಅಲ್ಲ, ಅದಕ್ಕಿಂತ ಎಷ್ಟೋ ಮೊದಲು, ನಕ್ಷೆ ಬರೆಯುವ ದಿನ.

ಇದನ್ನು ಸರಿಯಾಗಿ ಮಾಡಿದ ಊರು ಇಟಲಿಯ ಟುರಿನ್. 2006ರ ಚಳಿಗಾಲದ ಒಲಿಂಪಿಕ್ಸ್‌ಗೆ ಅಲ್ಲಿ ಸ್ಪೀಡ್ ಸ್ಕೇಟಿಂಗ್ ಹಾಲ್ ಬೇಕಿತ್ತು. 400 ಮೀಟರ್ ಸುತ್ತಳತೆಯ ಹಿಮದ ಟ್ರ್ಯಾಕ್ ಇಡೀ ಒಂದೇ ಚಾವಣಿಯ ಕೆಳಗೆ ಇರಬೇಕು, ನಡುವೆ ಕಂಬ ಇರಬಾರದು. ಇಂಥ ಹಾಲ್ ಎರಡು ವಾರದ ಆಟಕ್ಕೆ ಬೇಕು, ಆಮೇಲೆ ಒಂದು ಊರಿಗೆ ಅಷ್ಟು ದೊಡ್ಡದು ಯಾಕೆ? ಅವರು ಮೊದಲೇ ಉತ್ತರ ಇಟ್ಟುಕೊಂಡಿದ್ದರು. ಫಿಯೆಟ್ ಕಂಪನಿಯ ಹಳೆಯ ಲಿಂಗೊಟ್ಟೊ ಕಾರ್ಖಾನೆ, ಚಾವಣಿಯ ಮೇಲೆ ಕಾರು ಓಡಿಸಿ ನೋಡುವ ಟ್ರ್ಯಾಕ್ ಇರುವ ಆ ಪ್ರಸಿದ್ಧ ಕಟ್ಟಡ, ಅಷ್ಟು ಹೊತ್ತಿಗೆ ಪ್ರದರ್ಶನ ಕೇಂದ್ರವಾಗಿ ನಡೆಯುತ್ತಿತ್ತು. ಸ್ಕೇಟಿಂಗ್ ಹಾಲನ್ನು ಅದರ ಪಕ್ಕದಲ್ಲೇ ಕಟ್ಟಿದರು. ಹೆಸರು ಓವಲ್ ಲಿಂಗೊಟ್ಟೊ. ಇಟಲಿಯ ಎನ್ರಿಕೊ ಫಾಬ್ರಿಸ್ ಅಲ್ಲಿ ಎರಡು ಚಿನ್ನ ಗೆದ್ದರು. ಆಟಗಳು ಮುಗಿದ ಮೇಲೆ ಹಿಮ ಹೋಯಿತು, ಸುಮಾರು 20,000 ಚದರ ಮೀಟರ್‌ನ ಕಂಬವಿಲ್ಲದ ಸಮತಟ್ಟು ಹಾಲ್ ಉಳಿಯಿತು. 2010ರಿಂದ ಆರ್ಟಿಸಿಮಾ ಎಂಬ ಸಮಕಾಲೀನ ಕಲಾ ಮೇಳ ಅಲ್ಲೇ ನಡೆಯುತ್ತಿದೆ.

ಅದೇ ಒಲಿಂಪಿಕ್ಸ್‌ಗೆ ಚೆಸಾನಾದಲ್ಲಿ ಬಾಬ್‌ಸ್ಲೆ, ಅಂದರೆ ಹಿಮದ ಜಾರುಬಂಡಿ ಆಟದ ಟ್ರ್ಯಾಕ್ ಕಟ್ಟಿದ್ದರು. ಅದಕ್ಕೆ ಎರಡನೇ ಬಳಕೆ ಇರಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಮುಚ್ಚಿತು. ಒಂದೇ ಆಟಕೂಟ, ಒಂದೇ ದೇಶ, ಎರಡು ಕಟ್ಟಡ. ವ್ಯತ್ಯಾಸ ಇದ್ದದ್ದು ಮುಂದಿನ ಯೋಚನೆಯಲ್ಲಿ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಟೇಬಲ್ ಟೆನಿಸ್‌ಗೆ ಕಟ್ಟಿದ ಗಲಾತ್ಸಿ ಹಾಲ್ ಕೂಡ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು.

ಆದರೆ ಟುರಿನ್ ಮಾಡಿದ್ದೆಲ್ಲ ನಮಗೆ ಬೇಕು ಎಂದು ನಾನು ಹೇಳುತ್ತಿಲ್ಲ. ಓವಲ್ ಪೂರ್ತಿ ಪ್ರದರ್ಶನ ಹಾಲ್ ಆದದ್ದರಿಂದ ಅಲ್ಲಿ ಹಿಮವೇ ಇಲ್ಲದಾಯಿತು. 2026ರ ಒಲಿಂಪಿಕ್ಸ್ ಮಿಲಾನ್ ಮತ್ತು ಕೊರ್ಟಿನಾಗೆ ಬಂದಾಗ ಸ್ಪೀಡ್ ಸ್ಕೇಟಿಂಗ್ ಎಲ್ಲಿ ನಡೆಸುವುದು ಎಂಬ ಪ್ರಶ್ನೆ ಮತ್ತೆ ಎದ್ದಿತು. ಇಟಲಿಯದೇ ಇನ್ನೊಂದು ಊರು ಬಾಸೆಲ್ಗಾ ಡಿ ಪಿನೆಯಲ್ಲಿದ್ದ ತೆರೆದ ಟ್ರ್ಯಾಕಿಗೆ ಚಾವಣಿ ಹಾಕುವ ಯೋಚನೆಯನ್ನು ವೆಚ್ಚ ನೋಡಿ ಕೈಬಿಟ್ಟರು. ಟುರಿನ್‌ನ ಓವಲ್ ಹೆಸರೂ ಚರ್ಚೆಗೆ ಬಂತು. ಕೊನೆಗೆ ಮಿಲಾನ್ ಪಕ್ಕದ ರೋ ಪ್ರದರ್ಶನ ಕೇಂದ್ರದ ಎರಡು ಹಾಲ್‌ಗಳಲ್ಲಿ ತಾತ್ಕಾಲಿಕ ಹಿಮದ ಟ್ರ್ಯಾಕ್ ಮಾಡಿದರು. ನೋಡಿ, ಕ್ರೀಡಾಂಗಣ ಪ್ರದರ್ಶನ ಹಾಲ್ ಆದ ದೇಶದಲ್ಲೇ ಪ್ರದರ್ಶನ ಹಾಲ್ ಕ್ರೀಡಾಂಗಣವೂ ಆಯಿತು. ಕಟ್ಟಡ ಸರಿಯಾಗಿದ್ದರೆ ಎರಡೂ ದಿಕ್ಕಿನಲ್ಲಿ ಹೋಗಬಹುದು. ಆಟಕ್ಕೆ ವಾಪಸ್ ಬರುವ ದಾರಿ ಮುಚ್ಚಿಕೊಳ್ಳಬಾರದು, ಅಷ್ಟೇ.

ಅದಕ್ಕೆ ನನಗೆ ನಾರ್ವೆಯ ಹಾಮರ್ ಊರಿನ ಹಾಲ್ ಜಾಸ್ತಿ ಇಷ್ಟ. 1994ರ ಲಿಲ್ಲೆಹಾಮರ್ ಒಲಿಂಪಿಕ್ಸ್‌ಗೆ ಕಟ್ಟಿದ ವೈಕಿಂಗ್‌ಶಿಪೆಟ್ ಹಾಲ್ ಅದು, ಬೋರಲು ಹಾಕಿದ ಹಡಗಿನ ಆಕಾರದ್ದು. ಅಲ್ಲಿ ಇವತ್ತಿಗೂ ವಿಶ್ವಮಟ್ಟದ ಸ್ಕೇಟಿಂಗ್ ನಡೆಯುತ್ತದೆ. ಹಿಮ ತೆಗೆದ ತಿಂಗಳುಗಳಲ್ಲಿ ಅದೇ ನೆಲದ ಮೇಲೆ ಮೇಳಗಳೂ ಸಂಗೀತ ಕಾರ್ಯಕ್ರಮಗಳೂ ನಡೆಯುತ್ತವೆ. 'ದಿ ಗ್ಯಾದರಿಂಗ್' ಎಂಬ ದೊಡ್ಡ ಕಂಪ್ಯೂಟರ್ ಕೂಟಕ್ಕೆ ಈಸ್ಟರ್ ರಜೆಯಲ್ಲಿ ಸಾವಿರಾರು ಹುಡುಗರು ತಮ್ಮ ಕಂಪ್ಯೂಟರ್ ಹೊತ್ತು ಅಲ್ಲಿಗೆ ಬಂದಿದ್ದಾರೆ. ಯಾವ ತಿಂಗಳು ಆಟ, ಯಾವ ತಿಂಗಳು ಬಾಡಿಗೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಈಗ ಸೂರ್ಯನಗರಕ್ಕೆ ಬರುತ್ತೇನೆ. ಆ ಭಾಗಕ್ಕೆ ಪ್ರದರ್ಶನ ಹಾಲ್ ಬೇಕಾ ಎಂದು ನೀವು ಕೇಳಬಹುದು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ, ಎಲೆಕ್ಟ್ರಾನಿಕ್ ಸಿಟಿ, ಗಡಿ ದಾಟಿದರೆ ಹೊಸೂರು, ಎಲ್ಲ ಕಾರ್ಖಾನೆಗಳ ಊರು. ಆದರೆ ಬೆಂಗಳೂರಿನ ದೊಡ್ಡ ಪ್ರದರ್ಶನ ಕೇಂದ್ರ ಇರುವುದು ತುಮಕೂರು ರಸ್ತೆಯ ಮಾದಾವರದಲ್ಲಿ, ನಗರದ ಇನ್ನೊಂದು ತುದಿಯಲ್ಲಿ. ಜಿಗಣಿಯ ಸಣ್ಣ ಕಾರ್ಖಾನೆಯವರು ತಮ್ಮ ಯಂತ್ರವನ್ನು ಹತ್ತು ಜನಕ್ಕೆ ತೋರಿಸಬೇಕಾದರೆ ಇಡೀ ನಗರ ದಾಟಿಸಬೇಕು. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದಿದೆ. ಜನ ಬರಲು ದಾರಿಯೂ ಆಯಿತು.

ಯೋಜನೆಯಲ್ಲಿ ಸಮಾವೇಶ ಸಭಾಂಗಣವೂ ಇದೆ ಎಂದು ಓದಿದ್ದೇನೆ. ಅದು ಈ ಕೆಲಸಕ್ಕೆ ಆಗುವುದಿಲ್ಲ. ಅಲ್ಲಿ ಕುರ್ಚಿ, ವೇದಿಕೆ, ಮೈಕು. ಇಲ್ಲಿ ಬೇಕಾದದ್ದು ಮೂರ್ನಾಲ್ಕು ಟನ್ನಿನ ಯಂತ್ರ ಇಳಿಸಬಹುದಾದ ನೆಲ.

ಆ ನೆಲದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಎಲ್ಲ ನಿರ್ಧಾರ ಆಗುವುದು ಅಲ್ಲೇ. ಜನ ಸೇರುವ, ಆದರೆ ಕುರ್ಚಿಗಳನ್ನು ನೆಲಕ್ಕೆ ಬಿಗಿಯದ ಜಾಗಕ್ಕೆ ಕಟ್ಟಡಗಳು ತಾಳಬೇಕಾದ ಹೊರೆ ಹೇಳುವ ನಮ್ಮ ಐಎಸ್ 875 ಮಾನದಂಡ ಕೇಳುವುದು ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದರೆ ಸುಮಾರು 500 ಕೆಜಿ. ಜನ ಎಷ್ಟೇ ಒತ್ತಾಗಿ ನಿಂತರೂ ಅದು ಸಾಕು. ಈಗ ಒಂದು ಫೋರ್ಕ್‌ಲಿಫ್ಟ್ ನೋಡಿ. 3 ಟನ್ ಎತ್ತುವ ಗಾಡಿಯ ತೂಕವೇ 4 ಟನ್ ದಾಟುತ್ತದೆ. ಸಾಮಾನು ಎತ್ತಿದಾಗ ಒಟ್ಟು ತೂಕದ ಬಹುಪಾಲು ಮುಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಅಂಗೈ ಅಗಲದ ಜಾಗದಲ್ಲಿ ಟನ್‌ಗಟ್ಟಲೆ ಭಾರ. ಜನರಿಗೆಂದು ಲೆಕ್ಕ ಹಾಕಿದ ಮಹಡಿ ಇದಕ್ಕೆ ಆಗುವುದಿಲ್ಲ. ಮಣ್ಣಿನ ಮೇಲೆಯೇ ಕೂತ ಕಾಂಕ್ರೀಟ್ ನೆಲವಾದರೆ ಸ್ವಲ್ಪ ದಪ್ಪ, ಸ್ವಲ್ಪ ಹೆಚ್ಚು ಕಬ್ಬಿಣ, ಚೆನ್ನಾಗಿ ದಮ್ಮಸ್ಸು ಮಾಡಿದ ಮಣ್ಣು, ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಅದೇ ನೆಲದ ಕೆಳಗೆ ವಾಹನ ನಿಲುಗಡೆಯ ಬೇಸ್‌ಮೆಂಟ್ ಮಾಡಿದರೆ ಪ್ರತಿ ಬೀಮ್, ಪ್ರತಿ ಕಂಬ ದಪ್ಪವಾಗಬೇಕು. ಖರ್ಚು ನೋಡಿ ಆ ತೂಕವನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಆ ಕಟ್ಟಡಕ್ಕೆ ಜನ್ಮದಲ್ಲಿ ಫೋರ್ಕ್‌ಲಿಫ್ಟ್ ಹೋಗುವ ಹಾಗಿಲ್ಲ. ನಿಮ್ಮ ಬಳಿ 100 ಎಕರೆ ಇದೆ. ಅಂಕಣದ ಕೆಳಗೆ ಕಾರು ನಿಲ್ಲಿಸುವ ಅಗತ್ಯ ಇಲ್ಲ.

ಹಾಗಾದರೆ ಮರದ ಹಾಸು? ಅದು ಬೇಕೇ ಬೇಕು. ಆದರೆ ಅದನ್ನು ನೆಲಕ್ಕೆ ಕಾಯಂ ಬಿಗಿಯಬೇಡಿ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಅಂಕಣಗಳಲ್ಲಿ ಮೇಪಲ್ ಮರದ ಹಾಸು 4 ಅಡಿಗೆ 8 ಅಡಿಯ ಹಲಗೆಗಳಾಗಿ ಬರುತ್ತದೆ. ಜೋಡಿಸುತ್ತಾರೆ, ಆಟ ಮುಗಿದರೆ ಬಿಚ್ಚಿ ಇಡುತ್ತಾರೆ. ಇಂಥದ್ದಕ್ಕೆ ಒಂದು ದೊಡ್ಡ ಉಗ್ರಾಣ ಬೇಕು, ಅಂಕಣದ ಮಟ್ಟದಲ್ಲೇ, ತೇವ ಇಲ್ಲದ ಜಾಗದಲ್ಲಿ. ನಮ್ಮಲ್ಲಿ ನಕ್ಷೆಯಿಂದ ಮೊದಲು ಹಾರಿಹೋಗುವುದೇ ಉಗ್ರಾಣ. ದಯವಿಟ್ಟು ಅದನ್ನು ಉಳಿಸಿಕೊಳ್ಳಿ. ಉಗ್ರಾಣ ಇಲ್ಲದಿದ್ದರೆ ಹಲಗೆಗಳು ಮೆಟ್ಟಿಲ ಕೆಳಗೆ ಬಿದ್ದು ಒಂದು ಮಳೆಗಾಲದಲ್ಲಿ ಸೊಟ್ಟಗಾಗುತ್ತವೆ.

ಕಾಂಕ್ರೀಟ್ ನೆಲದಲ್ಲೇ ಸಾಲಾಗಿ ಮುಚ್ಚಳ ಹಾಕಿದ ಕಾಲುವೆಗಳನ್ನು ಬಿಡಿಸಿದರೆ ಕರೆಂಟ್, ನೀರು, ಒಳಚರಂಡಿ ಎಲ್ಲ ಅದರಲ್ಲಿ ಬರುತ್ತದೆ. ನಮ್ಮ ಸ್ಟಾಲ್‌ನ ಸಾಮಾನ್ಯ ಅಳತೆ 3 ಮೀಟರಿಗೆ 3 ಮೀಟರ್. ಕಾಲುವೆಗಳ ಅಂತರ ಆ ಅಳತೆಗೆ ಹೊಂದಿದರೆ ಪ್ರತಿ ಸ್ಟಾಲಿಗೂ ಹತ್ತಿರದಲ್ಲೇ ಕರೆಂಟ್ ಸಿಗುತ್ತದೆ. ಜನ ಕೇಬಲ್ ಎಡವಿ ಬೀಳುವುದಿಲ್ಲ. ಆಟದ ದಿನ ಮರದ ಹಾಸು ಅದನ್ನೆಲ್ಲ ಮುಚ್ಚಿಕೊಳ್ಳುತ್ತದೆ.

ಬಾಗಿಲಿನ ಮಾತು ಚಿಕ್ಕದು. ಅಂಕಣ ರಸ್ತೆಯ ಮಟ್ಟದಲ್ಲೇ ಇರಲಿ, ಹಳ್ಳ ತೋಡಿ ಇಳಿಸಬೇಡಿ. ಲಾರಿ ನೇರವಾಗಿ ಒಳಗೆ ಬರುವಷ್ಟು ಎತ್ತರ, ಅಗಲದ ಬಾಗಿಲು ಎರಡು ಎದುರು ಬದಿಗಳಲ್ಲಿ ಇರಲಿ, ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುವ ಹಾಗೆ. ಲಾರಿ ಬರುವ ದಾರಿ ಬೇರೆ, ಜನ ಬರುವ ದಾರಿ ಬೇರೆ. 2020ರಲ್ಲಿ ಮಾದಾವರದ ಪ್ರದರ್ಶನ ಕೇಂದ್ರವನ್ನು 10,100 ಹಾಸಿಗೆಯ ಕೋವಿಡ್ ಆರೈಕೆ ಕೇಂದ್ರ ಮಾಡಲು ಹೊರಟದ್ದು ನಿಮಗೆ ನೆನಪಿರಬಹುದು. ಸಮತಟ್ಟು ನೆಲ, ದೊಡ್ಡ ಬಾಗಿಲು, ಕಂಬ ಇಲ್ಲದ ವಿಶಾಲ ಜಾಗ ಇದ್ದದ್ದಕ್ಕೇ ಆ ಯೋಚನೆ ಸಾಧ್ಯವಾಯಿತು.

ಚಾವಣಿಯ ಎತ್ತರದಲ್ಲಿ ಆಟಕ್ಕೂ ನಮಗೂ ಜಗಳ ಇಲ್ಲ. ಅಂತರರಾಷ್ಟ್ರೀಯ ವಾಲಿಬಾಲ್‌ಗೆ ಅಂಕಣದ ಮೇಲೆ 12.5 ಮೀಟರ್ ಖಾಲಿ ಜಾಗ ಬೇಕು. ಅಷ್ಟು ಇದ್ದರೆ ಯಾವ ಪ್ರದರ್ಶನಕ್ಕೂ ಧಾರಾಳ. ತೊಂದರೆ ಇರುವುದು ನೇತು ಹಾಕುವ ತೂಕದಲ್ಲಿ. ಜನ ಹತ್ತಿ ಓಡಾಡದ ಚಾವಣಿಗೆ ಮಾನದಂಡ ಕೇಳುವ ಹೊರೆ ಚದರ ಮೀಟರಿಗೆ 0.75 ಕಿಲೋನ್ಯೂಟನ್ ಮಾತ್ರ. ಅದನ್ನು ನಂಬಿಕೊಂಡು ದೀಪದ ಟ್ರಸ್ (ದೀಪ ಕಟ್ಟುವ ಲೋಹದ ಚೌಕಟ್ಟು), ಸ್ಪೀಕರ್, ದೊಡ್ಡ ಬ್ಯಾನರ್ ನೇತು ಹಾಕಲು ಆಗುವುದಿಲ್ಲ. ಚಾವಣಿಯ ಕಬ್ಬಿಣ ಲೆಕ್ಕ ಹಾಕುವಾಗಲೇ ಎಲ್ಲೆಲ್ಲಿ ಕೊಕ್ಕೆ, ಪ್ರತಿ ಕೊಕ್ಕೆಗೆ ಎಷ್ಟು ಕೆಜಿ ಎಂದು ತೀರ್ಮಾನಿಸಿ, ಆ ತೂಕವನ್ನು ಅಲ್ಲೇ ಬರೆದು ಹಾಕಿಸಿ. ಇಲ್ಲದಿದ್ದರೆ ಮುಂದೆ ಯಾರೋ ಒಬ್ಬರು ಏಣಿ ಹತ್ತಿ ಪೈಪಿಗೆ ಹಗ್ಗ ಕಟ್ಟುತ್ತಾರೆ. ನಾನು ನೋಡಿದ್ದೇನೆ.

ಆಸನಗಳ ವಿಷಯದಲ್ಲಿ ಲಂಡನ್‌ನ ಕಾಪರ್ ಬಾಕ್ಸ್ ಒಳ್ಳೆಯ ಮಾದರಿ. 2012ರ ಒಲಿಂಪಿಕ್ಸ್‌ನಲ್ಲಿ ಹ್ಯಾಂಡ್‌ಬಾಲ್ ನಡೆದ ಹಾಲ್ ಅದು. ಅಲ್ಲಿ ಒಳಕ್ಕೆ ಸರಿಸಿ ಮಡಚಬಹುದಾದ ಆಸನಗಳಿವೆ, ಬೇಕಾದಂತೆ ಅಂಕಣ ದೊಡ್ಡದು ಚಿಕ್ಕದು ಆಗುತ್ತದೆ. ಸೂರ್ಯನಗರದಲ್ಲೂ ಕೆಳಗಿನ ಸಾಲುಗಳು ಹೀಗಿರಲಿ, ಮೇಲಿನ ಸಾಲುಗಳು ಮಾತ್ರ ಕಾಂಕ್ರೀಟ್ ಆಗಲಿ. ಗಾಳಿಯ ವಿಷಯ ಇನ್ನೊಂದು. ಶಟಲ್ ಆಟಕ್ಕೆ ಗಾಳಿ ಅಲುಗಾಡಬಾರದು, ಪ್ರದರ್ಶನದಲ್ಲಿ ಬಾಗಿಲು ತೆರೆದೇ ಇರುತ್ತದೆ. ಏಸಿಯನ್ನು ಎರಡು ರೀತಿಯಲ್ಲಿ ನಡೆಸಲು ಆಗುವ ಹಾಗೆ ಮಾಡಬೇಕು.

ಬೆಂಕಿಯ ಬಗ್ಗೆ ಮಾತ್ರ ಯಾವ ರಾಜಿಯೂ ಬೇಡ. ಆಟದ ದಿನ ಅಂಕಣದಲ್ಲಿ ಇರುವುದು ಹತ್ತಿಪ್ಪತ್ತು ಜನ. ಪ್ರದರ್ಶನದ ದಿನ ಅದೇ ಜಾಗದಲ್ಲಿ ಪ್ಲೈವುಡ್, ಬಟ್ಟೆ, ಬಣ್ಣ, ಬಿಸಿ ದೀಪ, ಅದರ ನಡುವೆ ಸಾವಿರಾರು ಜನ. ಪ್ರೇಕ್ಷಕರ ಸಾಲಿನಿಂದ ಹೊರಗೆ ಹೋಗುವ ದಾರಿ ಇದ್ದರೆ ಸಾಲದು, ಅಂಕಣದಿಂದಲೇ ಹೊರಗೆ ಹೋಗುವ ಅಗಲವಾದ ದಾರಿಗಳು ಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಸೂರ್ಯನಗರದ ಯೋಜನೆಗೆ ವೇಗ ಸಿಕ್ಕಿದ್ದು ಅದಾದ ಮೇಲೆ. ಹಾಗಾಗಿ ಅಲ್ಲಿ ಪ್ರತಿ ಬಾಗಿಲಿನ ಅಳತೆಯನ್ನೂ ಎರಡು ಬಳಕೆಗಳಿಗೆ ಎರಡು ಸಲ ಲೆಕ್ಕ ಹಾಕುವುದು ನಮ್ಮೆಲ್ಲರ ಕರ್ತವ್ಯ.

ಗೃಹ ಮಂಡಳಿಗೆ ಇಂಥ ಯೋಚನೆ ಹೊಸದಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕೋರಮಂಗಲದಲ್ಲಿ ಕ್ರೀಡಾಪಟುಗಳ ವಸತಿ ಕಟ್ಟಿದ್ದು ಮಂಡಳಿಯೇ. ಆಟಗಾರರು ಹೋದ ಮೇಲೆ ಅಲ್ಲಿ ಕುಟುಂಬಗಳು ಬಂದವು, ಇವತ್ತಿಗೂ ಅದು ತುಂಬಿದ ಬಡಾವಣೆ. ಮನೆಗಳಿಗೆ ಮಾಡಿದ ಆ ಯೋಚನೆಯನ್ನು ಈಗ ಕ್ರೀಡಾಂಗಣಕ್ಕೂ ಮಾಡಿ ಎಂದಷ್ಟೇ ನಾನು ಕೇಳುತ್ತಿರುವುದು.

ಹಾಗಾಗಿ ಮಾನ್ಯರೇ, ನನ್ನ ಬೇಡಿಕೆಗಳು ಇವು. ವಾಸ್ತುಶಿಲ್ಪಿಗಳಿಗೆ ಕೊಡುವ ಕೆಲಸದ ಪಟ್ಟಿಯಲ್ಲಿ ಎರಡು ನಕ್ಷೆ ಕೇಳಿ, ಒಂದು ಆಟದ ದಿನದ್ದು, ಒಂದು ಪ್ರದರ್ಶನದ ದಿನದ್ದು. ಎರಡನೆಯದನ್ನು ಪ್ರದರ್ಶನ ನಡೆಸುವವರು, ಸ್ಟಾಲ್ ಕಟ್ಟುವವರು, ಅಗ್ನಿಶಾಮಕ ಇಲಾಖೆಯವರು ನೋಡಿ ಒಪ್ಪಲಿ. ಮೊದಲನೆಯದನ್ನು ಕೋಚ್‌ಗಳು, ಆಟಗಾರರು ನೋಡಿ ಒಪ್ಪಲಿ. ನೆಲದ ತೂಕ, ಕಾಲುವೆ, ಬಾಗಿಲು, ಕೊಕ್ಕೆ, ಇವುಗಳಿಗೆ ಈಗಲೇ ದುಡ್ಡು ಇಡಿ. ಮಡಚುವ ಆಸನ, ಎರಡನೇ ಏಸಿ, ಪ್ರದರ್ಶನದ ದೀಪಗಳು ಆಮೇಲೆ ಬಂದರೂ ನಡೆಯುತ್ತದೆ, ಅವಕ್ಕೆ ಜಾಗ ಮಾತ್ರ ಬಿಡಿ. ಕಟ್ಟಡ ಮುಗಿಯುವ ಮೊದಲೇ ಅದನ್ನು ಯಾರು ನಡೆಸುತ್ತಾರೆ ಎಂದು ತೀರ್ಮಾನಿಸಿ. ಟುರಿನ್‌ನಲ್ಲಿ ಪಕ್ಕದಲ್ಲೇ ಪ್ರದರ್ಶನ ನಡೆಸುವವರು ಇದ್ದದ್ದು ದೊಡ್ಡ ಅನುಕೂಲ, ನಮ್ಮಲ್ಲಿ ಅಂಥವರನ್ನು ಹುಡುಕಬೇಕಾಗುತ್ತದೆ.

ಇನ್ನೊಂದು, ನನ್ನ ಕಸುಬಿಗೆ ಸ್ವಲ್ಪ ನಷ್ಟವಾದರೂ ಹೇಳುತ್ತೇನೆ. ವರ್ಷದಲ್ಲಿ ಎಷ್ಟು ದಿನ ಬಾಡಿಗೆಗೆ ಕೊಡಬಹುದು ಎಂಬುದಕ್ಕೆ ಮಿತಿ ಹಾಕಿ, ಅದನ್ನು ಆದೇಶದಲ್ಲೇ ಬರೆಯಿರಿ. ಬುಕಿಂಗ್ ಕ್ಯಾಲೆಂಡರ್ ಎಲ್ಲರಿಗೂ ಕಾಣುವಂತಿರಲಿ, ಮೊದಲು ಪಂದ್ಯಾವಳಿ ಮತ್ತು ಅಭ್ಯಾಸದ ದಿನಗಳು ತುಂಬಲಿ, ಉಳಿದದ್ದು ನಮಗೆ. ಬಾಡಿಗೆ ದುಡ್ಡು ಬೇರೆ ಖಾತೆಗೆ ಹೋಗಲಿ, ಅದರಿಂದ ಆ ಹಾಲ್‌ನ ಮರದ ಹಾಸು, ದೀಪ, ಶೌಚಾಲಯಗಳ ರಿಪೇರಿ ಆಗಲಿ, ಮಕ್ಕಳ ಅಭ್ಯಾಸದ ಶುಲ್ಕ ಕಡಿಮೆಯಾಗಲಿ. ಪ್ರದರ್ಶನದ ದಿನಗಳಲ್ಲೂ ಮಕ್ಕಳ ಅಭ್ಯಾಸ ನಿಲ್ಲದಂತೆ ಪಕ್ಕದಲ್ಲಿ ಒಂದು ಚಿಕ್ಕ ಅಭ್ಯಾಸದ ಹಾಲ್ ಇರಲಿ, ಅದನ್ನು ಯಾವ ಕಾರಣಕ್ಕೂ ಬಾಡಿಗೆಗೆ ಕೊಡಬಾರದು.

ಈ ಪತ್ರಕ್ಕೆ ಲಿಖಿತ ಉತ್ತರ ಬಂದರೆ ಸಂತೋಷ. ಅದಕ್ಕಿಂತ ಮುಖ್ಯವಾಗಿ, ಒಳಾಂಗಣ ಕ್ರೀಡಾಂಗಣದ ನಕ್ಷೆಯನ್ನು ಅಂತಿಮ ಮಾಡುವ ಮೊದಲು ಸಾರ್ವಜನಿಕರ ಮುಂದಿಟ್ಟು ಸಲಹೆ ಕೇಳಿ. ನಮ್ಮ ಕಸುಬಿನವರನ್ನು ಕರೆದರೆ ನೆಲದ ತೂಕ, ಬಾಗಿಲಿನ ಅಳತೆ, ಕಾಲುವೆಯ ಅಂತರ ಎಲ್ಲವನ್ನೂ ಕಾಗದದ ಮೇಲೆ ಬರೆದು ತಂದು ಕೊಡುತ್ತೇವೆ. ಅದಕ್ಕೆ ಯಾವ ಶುಲ್ಕವೂ ಬೇಡ.

ಇಂತಿ ತಮ್ಮ ವಿಶ್ವಾಸಿ,
ಪ್ರದರ್ಶನಗಳಿಗೆ ಸ್ಟಾಲ್ ಕಟ್ಟಿಸುವ ಒಬ್ಬ ನಾಗರಿಕ,
ಬೆಂಗಳೂರು